ಕ್ಲೀವ್‌ಲ್ಯಾಂಡ್ ಬ್ರೌನ್ಸ್: 40 ಜನ ಬಂದು ಹೋದರೂ ಸಿಗದ ಒಬ್ಬ ಕ್ವಾರ್ಟರ್‌ಬ್ಯಾಕ್

ಬ್ರೌನ್ಸ್ ಅನ್ನೋದು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಅಮೆರಿಕನ್ ಫುಟ್‌ಬಾಲ್ ತಂಡ. ಅದರ ಒಬ್ಬ ಅಭಿಮಾನಿಯ ಹತ್ತಿರ ಕ್ವಾರ್ಟರ್‌ಬ್ಯಾಕ್ ಟಿಮ್ ಕೌಚ್ ಹೆಸರಿನ 2ನೇ ನಂಬರ್ ಜೆರ್ಸಿ ಇತ್ತು. ಕೌಚ್ ಜಾಗಕ್ಕೆ ಬೇರೆಯವನು ಬಂದಾಗ ಅದರ ಮೇಲೆ ಟೇಪ್ ಅಂಟಿಸಿ ಹೊಸ ಹೆಸರು ಬರೆದ. ಆಮೇಲೆ ಇನ್ನೊಂದು ಟೇಪ್, ಮತ್ತೊಂದು. ಬರ್ತಾ ಬರ್ತಾ ಬೆನ್ನಿನ ತುಂಬ ಟೇಪೇ ಆಯಿತು. 1999ರಿಂದ ಈಚೆಗೆ ಬ್ರೌನ್ಸ್ ಪರ ಕ್ವಾರ್ಟರ್‌ಬ್ಯಾಕ್ ಆಗಿ ಕಣಕ್ಕಿಳಿದು ಪಂದ್ಯ ಆರಂಭಿಸಿದವರ ಸಂಖ್ಯೆ 40 ದಾಟಿದೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕಾ, ಎಸೆದರೆ ಯಾರಿಗೆ ಅನ್ನೋದನ್ನು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಒಳ್ಳೆಯವನು ಸಿಕ್ಕರೆ ತಂಡಕ್ಕೆ ಹತ್ತು ಹದಿನೈದು ವರ್ಷ ಆ ಚಿಂತೆ ಇಲ್ಲ.

ಬ್ರೌನ್ಸ್‌ಗೆ ಅಂಥವನು ಸಿಕ್ಕಿದ್ದ. 1946ರಿಂದ 1955ರವರೆಗೆ ಆಟೋ ಗ್ರಹಾಂ ಹತ್ತು ಸೀಸನ್ ಆಡಿದರು. ಹತ್ತು ಸಲವೂ ತಂಡ ಫೈನಲ್ ತಲುಪಿತು, ಏಳು ಸಲ ಗೆದ್ದಿತು. 80ರ ದಶಕದಲ್ಲಿ ಓಹಾಯೋದವರೇ ಆದ ಬರ್ನಿ ಕೋಸಾರ್ ಮತ್ತೆ ಆಸೆ ಹುಟ್ಟಿಸಿದರು. ಆದರೆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇದ್ದಾಗ ಮೂರು ಸಲವೂ ಡೆನ್ವರ್ ಎದುರು ಸೋತರು. 1993ರಲ್ಲಿ ಕೋಸಾರ್ ಅವರನ್ನು ಸೀಸನ್ ನಡುವೆಯೇ ಕೈಬಿಡಲಾಯಿತು. 1996ಕ್ಕೆ ಮಾಲೀಕರು ಇಡೀ ತಂಡವನ್ನೇ ಬಾಲ್ಟಿಮೋರ್‌ಗೆ ಸಾಗಿಸಿದರು. ಹೆಸರು, ಬಣ್ಣ, ದಾಖಲೆ ಮಾತ್ರ ಊರಲ್ಲಿ ಉಳಿದವು.

1999ರಲ್ಲಿ ಹೊಸ ಆಟಗಾರರನ್ನು ಸೇರಿಸಿ ಬ್ರೌನ್ಸ್ ಮತ್ತೆ ಶುರುವಾಯಿತು. ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಆಯ್ಕೆಯೇ ಕೌಚ್. ಮೊದಲ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ಎದುರು 43-0 ಸೋಲು. ಎರಡನೇ ವಾರಕ್ಕೇ ಹುಡುಗನನ್ನು ಕಣಕ್ಕೆ ನೂಕಿದರು. ಅವನನ್ನು ಕಾಯಬೇಕಾದ ಸಾಲು ಇನ್ನೂ ಕಟ್ಟಿಯೇ ಇರಲಿಲ್ಲ. ಆ ವರ್ಷ ಎದುರಾಳಿಗಳು ಅವನನ್ನು 56 ಸಲ ಕೆಡವಿದರು. ಜನ ಕೌಚ್‌ನನ್ನು ಕೆಟ್ಟ ಆಯ್ಕೆ ಅಂತಾರೆ. ಗೋಡೆ ಏಳುವ ಮೊದಲೇ ಮಾಡು ಹಾಕಲು ಹೋದರೆ ಬೀಳದೆ ಇನ್ನೇನಾಗುತ್ತೆ, ಅಲ್ವಾ?

ಮುಂದೆ ಬ್ರೇಡಿ ಕ್ವಿನ್ (2007), ಬ್ರಾಂಡನ್ ವೀಡನ್ (2012), ಜಾನಿ ಮ್ಯಾಂಜಿಯೆಲ್ (2014) ಬಂದರು. ಮೂವರೂ 22ನೇ ಆಯ್ಕೆ, ಯಾರೂ ನಿಲ್ಲಲಿಲ್ಲ. 1999ರಿಂದ 2019ರೊಳಗೆ ಪೂರ್ಣಾವಧಿ ಮುಖ್ಯ ಕೋಚ್‌ಗಳೇ ಒಂಬತ್ತು ಜನ. ಹೊಸಬ ಬಂದಾಗಲೆಲ್ಲ ಹಳಬನ ಹುಡುಗ ಬೇಡವಾಗುತ್ತಿದ್ದ. ಗಟ್ಟಿಯಾಗಿ ನಿಂತದ್ದು ಒಬ್ಬ ಜೋ ಥಾಮಸ್. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆಟಗಾರ. ತಂಡ ದಾಳಿಗಿಳಿದು ಚೆಂಡು ಆಟಕ್ಕೆ ಬಂದ ಸತತ 10,363 ಸಲ ಒಮ್ಮೆಯೂ ಅಂಗಳ ಬಿಡಲಿಲ್ಲ. ಅಷ್ಟರಲ್ಲಿ ಅವರ ಬೆನ್ನ ಹಿಂದೆ 20 ಕ್ವಾರ್ಟರ್‌ಬ್ಯಾಕ್‌ಗಳು ಬದಲಾಗಿದ್ದರು.

2017ರಲ್ಲಿ 16ಕ್ಕೆ 16 ಪಂದ್ಯ ಸೋತರು. ಕೊನೆಗೆ ನಿಂತವರಿಗೆ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಸಿಗುತ್ತದೆ. 2018ರಲ್ಲಿ ಬೇಕರ್ ಮೇಫೀಲ್ಡ್ ಬಂದದ್ದು ಹಾಗೆ. ಮೂರು ಸೀಸನ್‌ನಲ್ಲಿ ನಾಲ್ವರು ಕೋಚ್‌ಗಳನ್ನು ಕಂಡ ಹುಡುಗ, 2021ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನೆಲದಲ್ಲೇ 48-37ರಲ್ಲಿ ಗೆಲ್ಲಿಸಿದ. 26 ವರ್ಷದ ನಂತರ ಬಂದ ಪ್ಲೇಆಫ್ (ಸೋತರೆ ಹೊರಬೀಳುವ ಅಂತಿಮ ಹಂತ) ಗೆಲುವು ಅದು. ಮುಂದಿನ ಸೀಸನ್ನಿನಲ್ಲಿ ಭುಜಕ್ಕೆ ಪೆಟ್ಟು ಬಿತ್ತು. ನೋವಿನಲ್ಲೇ ಆಡಿದ, ಆಟ ಸೊರಗಿತು. ಅಷ್ಟಕ್ಕೇ ತಂಡಕ್ಕೆ ಸಾಕಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಮ್ನೆ ಹುಟ್ಟಿದ ಮಾತಲ್ಲ.

2022ರಲ್ಲಿ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟು ಹ್ಯೂಸ್ಟನ್‌ನಿಂದ ಡೆಶಾನ್ ವಾಟ್ಸನ್‌ರನ್ನು ತಂದರು. ಐದು ವರ್ಷಕ್ಕೆ 23 ಕೋಟಿ ಡಾಲರ್, ಆಡಲಿ ಬಿಡಲಿ ಪೂರ್ತಿ ಖಾತ್ರಿ. ಆಗ ಅವರ ಮೇಲೆ 20ಕ್ಕೂ ಹೆಚ್ಚು ಮಹಿಳೆಯರು ಲೈಂಗಿಕ ದುರ್ವರ್ತನೆಯ ಮೊಕದ್ದಮೆ ಹೂಡಿದ್ದರು. ಇದನ್ನು ತಿಳಿದೇ ತಂದದ್ದು ನನಗಂತೂ ಇಂದಿಗೂ ಅರಗಿಲ್ಲ. 11 ಪಂದ್ಯಗಳ ನಿಷೇಧ, ಆಮೇಲೆ ಭುಜದ ಗಾಯ, ಹಿಮ್ಮಡಿ ನರದ ಗಾಯ. ಮೂರು ವರ್ಷದಲ್ಲಿ ಆಡಿದ್ದು 19 ಪಂದ್ಯ. ಅತ್ತ ಮೇಫೀಲ್ಡ್ 2024ರಲ್ಲಿ ಟ್ಯಾಂಪಾ ಬೇ ಪರ 41 ಟಚ್‌ಡೌನ್ ಪಾಸ್, ಅಂದರೆ ನೇರ ಅಂಕ ತಂದ ಪಾಸ್, ಎಸೆದ.

2025ರಲ್ಲಿ ವಾಟ್ಸನ್ ಒಂದು ಪಂದ್ಯವನ್ನೂ ಆಡಲಿಲ್ಲ. 40 ವರ್ಷದ ಜೋ ಫ್ಲಾಕೋ ಸೀಸನ್ ಶುರು ಮಾಡಿದರು, ಅಕ್ಟೋಬರ್‌ನಲ್ಲಿ ಅವರನ್ನು ಸಿನ್ಸಿನಾಟಿಗೆ ಕಳಿಸಲಾಯಿತು. ಆಮೇಲೆ ಮೂರನೇ ಸುತ್ತಿನ ಡಿಲನ್ ಗೇಬ್ರಿಯಲ್. ಅವನ ನಂತರ ಐದನೇ ಸುತ್ತಿನ ಶೆಡೂರ್ ಸ್ಯಾಂಡರ್ಸ್. ಒಂದೇ ಸೀಸನ್ನಿಗೆ ಮೂರು ಟೇಪ್.