ರೋಬೋಟ್ ಕಿಟ್‌ಗೆ ಸ್ಕ್ರೂಡ್ರೈವರ್: ಮೊದಲು ಅಳತೆ, ಆಮೇಲೆ ಬಲ

ಮೊದಲ ಸಲ ಎರಡು ಚಕ್ರದ ಪುಟ್ಟ ರೋಬೋಟ್ ಜೋಡಿಸಲು ಕೂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರೋಗ್ರಾಂ ಬಗ್ಗೆ ಎಲ್ಲರೂ ಓದಿಕೊಂಡು ಬರುತ್ತಾರೆ. ಸ್ಕ್ರೂಡ್ರೈವರ್ ಮಾತ್ರ ಮನೆಯಲ್ಲಿ ಯಾವುದಿದೆಯೋ ಅದು. ಹೆಚ್ಚಿನ ಮನೆಗಳಲ್ಲಿ ಅದು ಟೆಸ್ಟರ್ ಆಗಿರುತ್ತದೆ, ಅಲ್ವಾ? ಟೆಸ್ಟರ್ ಇರುವುದು ಕರೆಂಟ್ ಬಂದಿದೆಯಾ ಎಂದು ನೋಡಲು. ಅದರ ತೆಳು ತುದಿ ಬಿಗಿಯುವ ಕೆಲಸಕ್ಕೆ ತಡೆಯಲ್ಲ, ಬೇಗ ತಿರುಚಿಕೊಳ್ಳುತ್ತದೆ. ಕಿಟ್ ಕೆಲಸದಿಂದ ಅದನ್ನು ದೂರ ಇಡಿ.

ಅಂಗಡಿಯಲ್ಲಿ ಏನು ಕೇಳಬೇಕು

ನಾವು 'ಸ್ಟಾರ್' ಎಂದು ಕರೆಯುವ ಕೂಡು ಗುರುತಿನ ಸ್ಕ್ರೂಡ್ರೈವರ್‌ನ ಸರಿಯಾದ ಹೆಸರು ಫಿಲಿಪ್ಸ್. ಆರು ಮೂಲೆಯ ನಕ್ಷತ್ರದಂಥ ತುದಿ ಬೇರೆ ಇದೆ, ಅದು ಟಾರ್ಕ್ಸ್. ಹಾಗಾಗಿ ಸುಮ್ನೆ 'ಸ್ಟಾರ್ ಕೊಡ್ರಿ' ಎನ್ನುವ ಬದಲು ನಂಬರ್ ಹೇಳಿ. ಪಿಎಚ್ ಎಂದರೆ ಫಿಲಿಪ್ಸ್ ತುದಿಯ ನಂಬರ್, ಎಂ3 ಎಂದರೆ 3 ಮಿ.ಮೀ. ದಪ್ಪದ ಸ್ಕ್ರೂ. ಎಂ3 ಸ್ಕ್ರೂಗೆ ಸಾಮಾನ್ಯವಾಗಿ ಪಿಎಚ್1, ಎಂ2 ಅಳತೆಯ ಸಣ್ಣವಕ್ಕೆ ಪಿಎಚ್0. ಮನೆಗೆಲಸಕ್ಕೆ ಸಿಗುವ ದಪ್ಪ ತುದಿಯವು ಹೆಚ್ಚಾಗಿ ಪಿಎಚ್2. ಅವು ಕಿಟ್‌ನ ಸಣ್ಣ ಸ್ಕ್ರೂಗಳ ಒಳಗೆ ಪೂರ್ತಿ ಇಳಿಯಲ್ಲ.

ಸರಿಯಾದ ತುದಿಯೇ ಎಂದು ನೋಡಲು ಕೈಯಳತೆಯ ಪರೀಕ್ಷೆ ಒಂದಿದೆ. ಸ್ಕ್ರೂವನ್ನು ತುದಿಯ ಮೇಲೆ ಕೂರಿಸಿ ಬೆರಳಿನಿಂದ ಅಲುಗಾಡಿಸಿ. ಲೊಡ ಲೊಡ ಎಂದರೆ ತುದಿ ಚಿಕ್ಕದು. ಒಳಗೆ ಇಳಿಯದೆ ಮೇಲೆಯೇ ನಿಂತರೆ ದೊಡ್ಡದು. ಫಿಲಿಪ್ಸ್ ತುದಿಯ ಬದಿಗಳು ಇಳಿಜಾರಾಗಿರುವುದರಿಂದ ತಿರುಗಿಸುವಾಗ ಅದು ಮೇಲಕ್ಕೆ ಜಾರಲು ನೋಡುತ್ತದೆ. ಅದಕ್ಕೇ ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಜಾಸ್ತಿ ಇರಲಿ, ಕೈ ನೇರವಾಗಿರಲಿ.

ಒಂದೇ ಎಂ3, ಮೂರು ಕೀ

ಹೊಸಬರು ಇಲ್ಲೇ ಹೆಚ್ಚು ಎಡವುತ್ತಾರೆ. ಆರು ಮೂಲೆಯ ತೂತಿರುವ ಎಂ3 ಸ್ಕ್ರೂಗೆ ಯಾವ ಎಲನ್ ಕೀ (ಆ ತೂತಿಗೆ ಕೂರುವ ಆರು ಮೂಲೆಯ ಉಕ್ಕಿನ ಕಡ್ಡಿ) ಬೇಕು? ತಲೆಯ ಆಕಾರ ನೋಡದೆ ಹೇಳಲು ಆಗಲ್ಲ. ಎತ್ತರದ ಡಬ್ಬಿಯಂಥ ತಲೆಗೆ 2.5 ಮಿ.ಮೀ. ಗುಂಡು ತಲೆಗೆ 2 ಮಿ.ಮೀ. ತಲೆಯೇ ಇಲ್ಲದ ಗ್ರಬ್ ಸ್ಕ್ರೂಗೆ 1.5 ಮಿ.ಮೀ. ಇಂಚಿನ ಸೆಟ್ ಬೆರೆಸಬೇಡಿ. 3/32 ಇಂಚಿನ ಕೀ ಸುಮಾರು 2.38 ಮಿ.ಮೀ. ಇರುತ್ತದೆ. 2.5ರ ತೂತಿನಲ್ಲಿ ಕೂತಂತೆಯೇ ಅನಿಸುತ್ತದೆ, ಬಿಗಿ ಮಾಡುವಾಗ ಮೂಲೆಗಳನ್ನು ಉಜ್ಜಿ ಹಾಕುತ್ತದೆ.

ನಮ್ಮ ಮೊದಲ ರೋಬೋಟ್‌ನಲ್ಲಿ ಚಕ್ರವನ್ನು ಮೋಟರ್ ಶಾಫ್ಟ್‌ಗೆ ಹಿಡಿದಿಡುವ ಗ್ರಬ್ ಸ್ಕ್ರೂ ಹೊರಗೇ ಬರಲಿಲ್ಲ. ಕೀ ಗರ ಗರ ತಿರುಗುತ್ತಿತ್ತು, ಸ್ಕ್ರೂ ಅಲುಗುತ್ತಿರಲಿಲ್ಲ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಲೇತ್ ಅಂಗಡಿಗೆ ಒಯ್ದೆವು. ಮಿಸ್ತ್ರಿ ಸ್ಕ್ರೂ ನೋಡಲೇ ಇಲ್ಲ, ಮೊದಲು ಕೀ ಕೇಳಿದರು. ಬೆಳಕಿಗೆ ಹಿಡಿದು ತೋರಿಸಿದರು, ತುದಿಯ ಆರೂ ಮೂಲೆ ದುಂಡಗಾಗಿದ್ದವು. 'ಕೀ ಸವದೈತಿ ನೋಡ್ರಿ. ಜೋರ್ ಹಾಕಿದಷ್ಟೂ ತೂತು ಕೆಡತೈತಿ' ಎಂದರು. ತುದಿಯ ಎರಡು ಮೂರು ಮಿಲಿಮೀಟರ್‌ನಷ್ಟು ಭಾಗವನ್ನು ಗ್ರೈಂಡರ್‌ಗೆ ಹಿಡಿದು ತೆಗೆದರು. ಒಂದು ಕ್ಷಣ ಹಿಡಿಯುವುದು, ನೀರಲ್ಲಿ ಅದ್ದುವುದು, ಮತ್ತೆ ಹಿಡಿಯುವುದು. ಕಾದರೆ ಉಕ್ಕಿನ ಗಟ್ಟಿತನ ಹೋಗುತ್ತದೆ, ಅದಕ್ಕೆ ನೀರು. ಒಳಗಿಂದ ಚೂಪಾದ ಹೊಸ ಮೂಲೆಗಳು ಬಂದವು. ಅದೇ ಕೀಯನ್ನು ಪೂರ್ತಿ ಒಳಗೆ ಒತ್ತಿ ತಿರುಗಿಸಿದಾಗ ಸ್ಕ್ರೂ 'ಟಕ್' ಎಂದು ಬಿಟ್ಟುಕೊಂಡಿತು. ಅವತ್ತಿನಿಂದ ಕಿಟ್ ಜೊತೆ ಬರುವ ಮೆತ್ತನೆಯ ಕೀಗಳನ್ನು ನಾನು ಬಳಸಿಲ್ಲ. ಹಿಡಿ ಇರುವ, ಎಸ್2 ಎಂಬ ಗಟ್ಟಿ ಉಕ್ಕಿನ 1.5, 2, 2.5 ಮೂರೂ ತಗೊಳ್ಳಿ. ದುಡ್ಡು ಖರ್ಚು ಮಾಡುವುದಾದರೆ ಇಲ್ಲಿಯೇ ಮಾಡಿ ಎನ್ನುತ್ತೇನೆ.

ಬಿಗಿಯುವಾಗ

ಬ್ಯಾಟರಿ ಮೊದಲು ಕಳಚಿ. ಉಕ್ಕಿನ ತುದಿ ಎರಡು ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ಶಾರ್ಟ್ ಆಗುತ್ತದೆ. ತುದಿಯಲ್ಲಿ ಮ್ಯಾಗ್ನೆಟ್ ಇದ್ದರೆ ಒಳ್ಳೆಯದು, ಸ್ಕ್ರೂ ಬೋರ್ಡ್ ಮೇಲೆ ಬೀಳುವುದು ತಪ್ಪುತ್ತದೆ.

ಪ್ಲಾಸ್ಟಿಕ್‌ನಲ್ಲಿ ತಾನೇ ದಾರಿ ಕೊರೆದುಕೊಳ್ಳುವ ಸ್ಕ್ರೂ ಬಿಚ್ಚಿ ಮತ್ತೆ ಹಾಕುವಾಗ, ಮೊದಲು ಉಲ್ಟಾ ತಿರುಗಿಸಿ. 'ಟಿಕ್' ಎಂದು ಕೆಳಗೆ ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಅದು ಹಳೆಯ ಥ್ರೆಡ್ಡಿಗೇ ಕೂತಿದೆ. ಈಗ ಸರಿ ದಿಕ್ಕಿಗೆ ತಿರುಗಿಸಿ. ನೇರ ಒತ್ತಿ ತಿರುಗಿಸಿದರೆ ಹೊಸ ಥ್ರೆಡ್ ಕೊರೆಯುತ್ತದೆ, ಎರಡು ಮೂರು ಸಲಕ್ಕೆ ತೂತು ಸಡಿಲ.

ಹಳದಿ ಗೇರ್ ಮೋಟರ್‌ಗಳ ಉದ್ದ ಸ್ಕ್ರೂಗಳಲ್ಲಿ ವಿಶೇಷ ಎಚ್ಚರ ಬೇಕು. ಅವು ಪ್ಲಾಸ್ಟಿಕ್ ಗೇರ್‌ಬಾಕ್ಸ್ ಮೂಲಕ ಹಾದು ಹೋಗುತ್ತವೆ. ಜಾಸ್ತಿ ಬಿಗಿದರೆ ಪೆಟ್ಟಿಗೆಯೇ ಒತ್ತಿಕೊಂಡು ಒಳಗಿನ ಗೇರ್ ಹಿಡಿದುಕೊಳ್ಳುತ್ತದೆ. ರೋಬೋಟ್ ಒಂದು ಕಡೆಗೇ ವಾಲಿ ಓಡುತ್ತಿದ್ದರೆ ಪ್ರೋಗ್ರಾಂ ತಿದ್ದುವ ಮೊದಲು ಬ್ಯಾಟರಿ ತೆಗೆದು ಎರಡೂ ಚಕ್ರಗಳನ್ನು ಮೆಲ್ಲಗೆ ಕೈಯಿಂದ ತಿರುಗಿಸಿ ನೋಡಿ. ಯಾವುದು ಭಾರ ಅನಿಸುತ್ತದೋ ಆ ಕಡೆಯ ಸ್ಕ್ರೂವನ್ನು ಕಾಲು ಸುತ್ತು ಸಡಿಲ ಮಾಡಿ, ಮತ್ತೆ ತಿರುಗಿಸಿ ನೋಡಿ.