ಕ್ಯಾಲೆಂಡರ್ ಹಾಳೆ ಮೇಲೆ ಪಿಕಪ್ ಟೈರು

ನಮ್ಮ ಪಿಕಪ್ಪಿನ ಟೈರು ಬೋಳಾಗಿ ಆರು ತಿಂಗಳಾಗಿತ್ತು, ಟೊಮ್ಯಾಟೊಗೆ ರೇಟ್ ಬರ್ಲಿ ಆಮೇಲೆ ನೋಡೋಣ ಅಂತ ತಳ್ಕೊಂಡು ಬಂದಿದ್ವಿ. ಇನ್ನೊಂದು ಬೆಳೆನೂ ಹಂಗೇ ಎಳೀತಿದ್ವೇನೋ, ಒಂದಿನ ಬೆಳಗಿನ ಜಾವ ನಾಲ್ಕೂವರೆಗೆ 60 ಬಾಕ್ಸ್ ಲೋಡ್ ಸಮೇತ ಕೆರೆ ಪಕ್ಕದ ದಾರೀಲಿ ಗಾಡಿ ಕೆಸರಲ್ಲಿ ಕೂತೇಬಿಡ್ತು. ಪಕ್ಕದ ತೋಟದೋರು ಎದ್ದು ಟ್ರಾಕ್ಟರ್ ತಂದು ಎಳೆಯೋ ಹೊತ್ತಿಗೆ ಮಂಡೀಲಿ ಒಳ್ಳೆ ಹರಾಜೆಲ್ಲ ಮುಗಿದಿತ್ತು. ಅಪ್ಪ ಏನೂ ಮಾತಾಡ್ಲಿಲ್ಲ. ಮಾತಾಡದೇ ಇದ್ರೇನೇ ನಮ್ಮನೇಲಿ ಭಯ ಜಾಸ್ತಿ.

ನಮ್ ದಾರಿ ಹೆಂಗೆ ಅಂದ್ರೆ, ತೋಟದಿಂದ 3 ಕಿಲೋಮೀಟರ್ ಮಣ್ಣು, ಅಲ್ಲಿಂದ ಕೋಲಾರ ಎಪಿಎಂಸಿಗೆ 22 ಕಿಲೋಮೀಟರ್ ಟಾರು, ಅದ್ರಲ್ಲಿ ಮುಕ್ಕಾಲು ಪಾಲು ಹೈವೇ 75. ಮೊದ್ಲು ಆ ಮಣ್ಣು ದಾರಿ ಬೇಸಿಗೇಲಿ ಸಿಮೆಂಟ್ ಥರ ಇರ್ತಿತ್ತು. 2018ರಲ್ಲಿ ಕೆಸಿ ವ್ಯಾಲಿ ನೀರು, ಅಂದ್ರೆ ಕೆರೆ ತುಂಬ್ಸೋಕೆ ಬಿಡೋ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಜಿಲ್ಲೆಗೆ ಬಂತು, 2021ರ ನವೆಂಬರ್ ಮಳೆ ಬೇರೆ ಸುರೀತು, ಆಮೇಲಿಂದ ನಮ್ಮ ಕೆರೆ ಪಕ್ಕದ ಒಂದು 300 ಮೀಟರ್ ಯಾವಾಗ್ಲೂ ಜಿನುಗ್ತಾನೇ ಇರತ್ತೆ. ಬೋರ್‌ವೆಲ್‌ಗೆ ಒಳ್ಳೇದಾಯ್ತು, ಗಾಡಿಗೆ ಅಲ್ಲ. ಮೇಲ್ಗಡೆ ನಮ್ಮ ಕೆಂಪು ಮರಳು ಮಣ್ಣು, ಅದು ನೀರು ಬಿಟ್ಕೊಡತ್ತೆ. ಕೆರೆ ಹತ್ರ ಮಾತ್ರ ಗೋಡು ಮಣ್ಣು, ಕಾಲಿಟ್ರೆ ಚಪ್ಪಲಿ ಬಿಟ್ಟು ಬರ್ಬೇಕು.

ಟೈರ್ ಅಂಗಡಿಗೆ ಹೋದ್ರೆ ಅಲ್ಲಿದ್ದ ಹುಡುಗ ಕಥೆ ಕೇಳಿದ ತಕ್ಷಣ "ಅಣ್ಣಾ, ಎಂಟಿ ಹಾಕ್ಬಿಡಿ, ಕೆರೆ ಒಳಗೇ ಇಳೀಬೋದು" ಅಂದ. ಎಂಟಿ ಅಂದ್ರೆ ಮಡ್ ಟೆರೇನ್, ಮೈಮೇಲೆ ಬೊಗಸೆ ಬೊಗಸೆ ಕಟ್ಟೆ, ಅಂದ್ರೆ ರಬ್ಬರ್ ಉಬ್ಬು, ಇರೋ ಟೈರು. ಅದರ ತದ್ವಿರುದ್ಧ ಎಚ್‌ಟಿ, ಹೈವೇ ಟೆರೇನ್, ಉದ್ದುದ್ದ ಗೆರೆ, ಟಾರು ರೋಡಿಗೆ ಹೇಳಿ ಮಾಡ್ಸಿದ್ದು. ಮಧ್ಯದಲ್ಲಿ ಎಟಿ, ಆಲ್ ಟೆರೇನ್. ಎಂಟಿ ನೋಡೋಕೇನೋ ಮದುವೆ ಗಂಡಿನ ಥರ ಇತ್ತು, ನನ್ ಕಣ್ಣೂ ಅದ್ರ ಮೇಲೇ ಹೋಯ್ತು, ಸುಳ್ ಹೇಳಲ್ಲ. ಆದ್ರೆ ದುಡ್ಡು ಜಾಸ್ತಿ ಆಗಿದ್ರಿಂದ ನಾಳೆ ಬರ್ತೀನಿ ಅಂತ ಮನೆಗೆ ಬಂದೆ.

ಮನೆಗೆ ಬಂದು ಮಾಡಿದ್ದು ಇಷ್ಟು. ಖಾಲಿ ಗಾಡಿಗೆ ಜಾಕಿ ಕೊಟ್ಟು ಹಿಂದಿನ ಚಕ್ರ ಎತ್ತಿ, ಟೈರಿಗೆ ಅಮ್ಮನ ಕೆಮ್ಮಣ್ಣು ಕಲಸಿ ಬಳಿದೆ. ಕೆಳಗೆ ಹಳೇ ಕ್ಯಾಲೆಂಡರ್ ಹಾಳೆ ಬೋರಲು ಹಾಕಿ ಜಾಕಿ ಇಳಿಸಿ ಮತ್ತೆ ಎತ್ತಿದೆ. ಗಾಳಿ 35 ಪಿಎಸ್‌ಐ ಇತ್ತು, ಪಿಎಸ್‌ಐ ಅಂದ್ರೆ ಗಾಳಿ ಒತ್ತಡದ ಅಳತೆ. ಹಾಳೆ ಮೇಲೆ ಬಿದ್ದ ಗುರುತು ಅಗಲ 14 ಸೆಂಟಿಮೀಟರ್, ಉದ್ದ ಬರೀ 11. ಒಂದು ಇಟ್ಟಿಗೆ ಮಲಗಿಸಿದಷ್ಟೂ ಇಲ್ಲ, ನೋಡಿ. ಅಷ್ಟು ದೊಡ್ಡ ಗಾಡಿ ನೆಲಕ್ಕೆ ತಾಗಿರೋದು ಇಂಥ ನಾಲ್ಕು ಪಟ್ಟಿ ಮೇಲೆ. ಆಮೇಲೆ ಗಾಳಿ 20ಕ್ಕೆ ಇಳಿಸಿ ಇನ್ನೊಂದು ತಿಂಗಳ ಹಾಳೆ ಇಟ್ಟೆ. ಅಗಲ 15 ಆಯ್ತು, ಉದ್ದ 17. ಅಗಲ ಹೆಚ್ಚೂಕಮ್ಮಿ ಅಷ್ಟೇ, ಬೆಳೆದಿದ್ದೆಲ್ಲ ಉದ್ದದಲ್ಲಿ.

ಯಾಕೆ ಹಿಂಗೆ ಅಂದ್ರೆ, ಭಾರ ಹೊರೋದು ರಬ್ಬರ್ ಅಲ್ಲ, ಒಳಗಿರೋ ಗಾಳಿ. ಟೈರು ಬರೀ ಆ ಗಾಳಿನ ಹಿಡ್ಕೊಂಡಿರೋ ಚೀಲ. 35 ಪಿಎಸ್‌ಐ ಅಂದ್ರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕೆಜಿ ಒತ್ತಡ. ಆ ಚಕ್ರದ ಮೇಲೆ 350 ಕೆಜಿ ಕೂತಿದ್ರೆ 140 ಚದರ ಸೆಂಟಿಮೀಟರ್ ನೆಲ ಬೇಕೇ ಬೇಕು, ಗಾಳಿ ಇಳಿಸಿದ್ರೆ ಅದೇ ಭಾರ ಹೊರೋಕೆ ಜಾಸ್ತಿ ನೆಲ ಕೇಳತ್ತೆ. ಟೈರಿನ ಗೋಡೆ ಬಿಗಿಯಾಗಿರೋದ್ರಿಂದ ಲೆಕ್ಕ ಪಕ್ಕಾ ಕೂರಲ್ಲ, ಆದ್ರೆ ಹತ್ತಿರ ಬರತ್ತೆ. ಗೋಡು ಮಣ್ಣಲ್ಲಿ ಗಾಡಿ ಹೂಳೋದು ಚದರ ಸೆಂಟಿಮೀಟರಿಗೆ ಬೀಳೋ ಭಾರದಿಂದ, ಅಂದ್ರೆ ಖಾಲಿ ಗಾಡೀಲಿ ನಿಧಾನಕ್ಕೆ ಆ 300 ಮೀಟರ್ ದಾಟೋಕೆ ಗಾಳಿ ಇಳಿಸೋದೇ ಅರ್ಧ ಎಂಟಿ ಟೈರು, ಪುಕ್ಕಟೆ.

ಹಂಗಂತ ಇಳಿಸಿದ ಗಾಳೀಲೇ ಹೈವೇಗೆ ಹೋದ್ರೆ ಕೆಟ್ಟ್ವಿ. ನಮ್ಮ ಟೈರು 215/75 ಆರ್ 15. 215 ಅಂದ್ರೆ ಮಿಲಿಮೀಟರಲ್ಲಿ ಅಗಲ, 75 ಅಂದ್ರೆ ಪಕ್ಕದ ಗೋಡೆ ಎತ್ತರ ಆ ಅಗಲದ ನೂರಕ್ಕೆ 75 ಪಾಲು, 15 ರಿಮ್ಮಿನ ಇಂಚು, ಆರ್ ಅಂದ್ರೆ ರೇಡಿಯಲ್. ಕೂಡಿದ್ರೆ ಚಕ್ರದ ಎತ್ತರ 70 ಸೆಂಟಿಮೀಟರ್ ಚಿಲ್ಲರೆ, ಒಂದು ಸುತ್ತಿಗೆ 2.2 ಮೀಟರ್. 80ರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ 10 ಸುತ್ತು. ಪ್ರತಿ ಸುತ್ತಿಗೂ ಗೋಡೆ ಒಂದ್ಸಲ ಬಾಗಿ ನೆಟ್ಟಗಾಗ್ಬೇಕು. ರಬ್ಬರ್ ಒಂದು ವಿಚಿತ್ರ ಸಾಲಗಾರ, ಬಾಗಿಸೋಕೆ ಕೊಟ್ಟ ಶಕ್ತೀನೆಲ್ಲ ವಾಪಸ್ ಕೊಡಲ್ಲ, ಸ್ವಲ್ಪ ಒಳಗೇ ಇಟ್ಕೊಂಡು ಬಿಸಿ ಮಾಡ್ಕೊಳತ್ತೆ. ಇದಕ್ಕೆ ಹಿಸ್ಟೆರೆಸಿಸ್ ಅಂತಾರೆ. ಗಾಳಿ ಕಮ್ಮಿ ಇದ್ದಷ್ಟೂ ಬಾಗೋದು ಜಾಸ್ತಿ, ಲೋಡ್ ಇದ್ರೆ ಇನ್ನೂ ಜಾಸ್ತಿ, ಕೊನೆಗೆ ಒಳಗಿನ ಪದರಗಳು ಬಿಟ್ಕೊಂಡು ಢಂ ಅನ್ನತ್ತೆ. ಬೇಸಿಗೇಲಿ ಹೈವೇ ಪಕ್ಕ ಬಿದ್ದಿರೋ ಟೈರ್ ಚಿಂದಿ ನೋಡಿದಾಗೆಲ್ಲ ಬಿಸಿಲಿಗೆ ಒಡೆದಿದ್ದು ಅಂತೀವಿ, ಬಿಸಿಲು ಸೇರ್ಕೊಳೋದು ನಿಜ, ಆದ್ರೆ ಎಷ್ಟೋ ಸಲ ಮೊದ್ಲ ಕಳ್ಳ ಕಮ್ಮಿ ಗಾಳಿ.

ಈಗ ಎಂಟಿ ಕಟ್ಟೆ ವಿಷಯ. ಕೆಸರಲ್ಲಿ ಎರಡು ಕಟ್ಟೆ ಮಧ್ಯದ ಸಂದಿಗೆ ಮಣ್ಣು ತುಂಬ್ಕೊಂಡ್ರೆ ಯಾವ ಟೈರಾದ್ರೂ ಬೋಳು ಟೈರೇ. ಎಂಟಿ ಹೆಚ್ಚುಗಾರಿಕೆ ಏನು ಅಂದ್ರೆ ಸಂದಿ ಅಗಲ ಇರೋದ್ರಿಂದ ಚಕ್ರ ತಿರುಗುವಾಗ ಮಣ್ಣನ್ನ ಹೊರಗೆ ಎಸೆಯತ್ತೆ. ಎಸೆಯೋ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರತ್ತೆ. ಚಕ್ರ 10 ಕಿಲೋಮೀಟರ್ ವೇಗದಲ್ಲಿ ತಿರುಗ್ತಿದ್ರೆ ಅಂಟಿರೋ ಮಣ್ಣಿನ ಮೇಲೆ ಅದ್ರ ತೂಕದ ಎರಡು ಪಟ್ಟು ಚಿಲ್ಲರೆ ಬಲ, 30ರಲ್ಲಿ 20 ಪಟ್ಟು. ಟೊಮ್ಯಾಟೊ ಹೇರ್ಕೊಂಡು ಗೋಡು ಮಣ್ಣಲ್ಲಿ 30ರಲ್ಲಿ ಹೋಗೋರು ಯಾರಾದ್ರೂ ಇದ್ರೆ ಹೇಳಿ, ಕೆಳಗಿನ ಸಾಲು ಸಾಸ್ ಆಗಿರತ್ತೆ. ಅಂದ್ರೆ ನಮ್ಮ ವೇಗಕ್ಕೆ ಎಂಟಿ ಪೂರ್ತಿ ಕೆಲಸಾನೇ ಮಾಡಲ್ಲ.

ಟಾರು ರೋಡಲ್ಲಿ ಅದೇ ಅಗಲ ಸಂದಿ ನಷ್ಟ. ನೆಲಕ್ಕೆ ತಾಗೋ ರಬ್ಬರ್ ಕಮ್ಮಿ, ಒದ್ದೆ ಟಾರಲ್ಲಿ ಬ್ರೇಕ್ ಹೊಡೆದ್ರೆ ದೂರ ಹೋಗಿ ನಿಲ್ಲತ್ತೆ, ಸದ್ದು ಬೇರೆ. ಸುತ್ತಲೂ 60 ಕಟ್ಟೆ ಇದ್ದು ಸೆಕೆಂಡಿಗೆ 10 ಸುತ್ತಾದ್ರೆ 600 ಏಟು, ಕಿವೀಲಿ ಜುಂಯ್ ಅನ್ನತ್ತೆ, ಅದಕ್ಕೇ ಕಂಪನಿಯೋರು ಕಟ್ಟೆಗಳನ್ನ ಒಂದೇ ಅಳತೆ ಮಾಡಲ್ಲ, ಹೆಚ್ಚೂಕಮ್ಮಿ ಮಾಡಿ ಸದ್ದನ್ನ ಒಡೀತಾರೆ. ಎಚ್‌ಟಿ, ಎಟಿ ಕಟ್ಟೆಗಳ ಮೇಲೆ ಬ್ಲೇಡಲ್ಲಿ ಕೊಯ್ದಂಗೆ ಸಣ್ಣ ಸಣ್ಣ ಸೀಳು ಕಾಣತ್ತಲ್ಲ, ಅದಕ್ಕೆ ಸೈಪ್ ಅಂತ ಹೆಸರು, 1923ರಲ್ಲಿ ಪೇಟೆಂಟ್ ತಗೊಂಡ ಅಮೆರಿಕದ ಜಾನ್ ಸೈಪ್ ಹೆಸರು ಅದು. ಕಸಾಯಿಖಾನೇಲಿ ಒದ್ದೆ ನೆಲಕ್ಕೆ ಜಾರ್ತಿದೆ ಅಂತ ತನ್ನ ಶೂ ತಳ ಕೊಯ್ಕೊಂಡಿದ್ದನಂತೆ, ಅಲ್ಲಿಂದ ಶುರು ಅಂತ ಕಥೆ ಹೇಳ್ತಾರೆ. ನೀರಿನ ಪದರ ಕತ್ತರಿಸಿ ಹಿಡಿತ ಕೊಡೋಕೆ ಇವು ಬೇಕು.

ನೀರು ಅಂದಾಗ ಇನ್ನೊಂದು. ರೋಡಲ್ಲಿ ನೀರು ನಿಂತಿದ್ದಾಗ ಒಂದು ವೇಗ ದಾಟಿದ್ರೆ ಟೈರು ನೀರಿನ ಮೇಲೆ ತೇಲತ್ತೆ, ಸ್ಟೀರಿಂಗ್ ತಿರುಗಿಸಿದ್ರೂ ಗಾಡಿ ಕೇಳಲ್ಲ. ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರಿಗೋಸ್ಕರ ಪ್ರಯೋಗ ಮಾಡಿ ಕಂಡ್ಕೊಂಡ ಲೆಕ್ಕ ಸುಲಭ, ಪಿಎಸ್‌ಐನ ವರ್ಗಮೂಲಕ್ಕೆ ಸುಮಾರು 16.7 ಗುಣಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರಿಗೆ ತೇಲತ್ತೆ ಅಂತ ಬರತ್ತೆ. 36 ಗಾಳಿ ಇದ್ರೆ 100, 25 ಇದ್ರೆ 83. ಇದು ಬೋಳು ಟೈರಿನ ಲೆಕ್ಕ, ನಮ್ದೂ ಅದೇ ಆಗಿತ್ತಲ್ಲ. ಮಂಡೀಲಿ ಬಾಕ್ಸ್ ಇಳಿಸಿ ಖಾಲಿ ಗಾಡೀಲಿ ಮಳೇಲಿ ಹಾರ್ಕೊಂಡು ಬರೋರಿಗೆ ಇನ್ನೂ ಬೇಗ ತೇಲತ್ತೆ, ಹಿಂದೆ ಭಾರ ಇಲ್ಲದೇ ನೆಲಕ್ಕೆ ತಾಗೋ ಪಟ್ಟಿ ಗಿಡ್ಡ ಆಗಿರತ್ತೆ. ಕಾನೂನು ಕೇಳೋದು ಕನಿಷ್ಠ 1.6 ಮಿಲಿಮೀಟರ್ ಗೆರೆ ಆಳ, ಗೆರೆ ಒಳಗೆ ಅಡ್ಡಡ್ಡ ಸಣ್ಣ ಉಬ್ಬು ಇರತ್ತೆ, ಟೈರು ಅದ್ರ ಮಟ್ಟಕ್ಕೆ ಬಂತು ಅಂದ್ರೆ ಆಯಸ್ಸು ಮುಗೀತು ಅಂತ.

ಮಾರನೇ ದಿನ ಎಟಿ ಕೇಳಿದೆ. ಹುಡುಗ ತಂದಿಟ್ಟಿದ್ದು ಚೆನ್ನಾಗೇ ಇತ್ತು, ಗೋಡೆ ಮೇಲೆ 100 ಎಸ್ ಅಂತ ಬರೆದಿತ್ತು. ಈ ನಂಬರನ್ನ ಯಾರೂ ನೋಡಲ್ಲ, ನಾನೂ ನೋಡಿರ್ಲಿಲ್ಲ. ಎಸ್ ಅಂದ್ರೆ ವೇಗ, 180ರವರೆಗೆ, ನಮಗೆ ಯಾಕೆ. 100 ಅನ್ನೋದು ಕೆಜಿ ಅಲ್ಲ, ಒಂದು ಸಂಕೇತ, ಆ ಟೈರು ಹೊರೋದು 800 ಕೆಜಿ ಅಂತ. 104 ಆದ್ರೆ 900, 108 ಆದ್ರೆ 1000. ನಮ್ಮ ಲೆಕ್ಕ ಹಾಕಿ, 15 ಕೆಜಿ ಬಾಕ್ಸ್ 80 ಹೇರಿದ್ರೆ 1200 ಕೆಜಿ, ಅದ್ರಲ್ಲಿ ಸಾವಿರ ಹಿಂದಿನ ಆಕ್ಸಲ್ ಮೇಲೆ, ಗಾಡಿದೇ ಒಂದು 700, ಒಟ್ಟು ಎರಡು ಟೈರಿಗೆ 1700. ಒಂದಕ್ಕೆ 850. ಹುಡುಗ ತಂದಿಟ್ಟಿದ್ದು ಎಸ್‌ಯುವಿ ಟೈರು, ಫ್ಯಾಮಿಲಿ ಕೂರಿಸ್ಕೊಂಡು ನಂದಿ ಬೆಟ್ಟಕ್ಕೆ ಹೋಗೋರಿಗೆ. 2023ರ ಜುಲೈನಲ್ಲಿ ಬಾಕ್ಸ್ ರೇಟ್ 2000 ರೂಪಾಯಿ ದಾಟಿದಾಗ ಎಲ್ಲರೂ ಹೇರಿದ್ದು ನೋಡಿದ್ರೆ ಈ ಲೆಕ್ಕನೂ ಕಮ್ಮಿನೇ. ಎಲ್‌ಟಿ ಅಂತ ಬರೆದಿರೋದು ಬೇಕು ಅಂದೆ, ಲೈಟ್ ಟ್ರಕ್ ಟೈರು, ಗೋಡೆ ಗಟ್ಟಿ. ನಮ್ಮಲ್ಲಿ ಬಳ್ಳಾರಿ ಜಾಲಿ ಮುಳ್ಳು, ಕ್ರಷರ್ ಜಲ್ಲಿ ಎರಡಕ್ಕೂ ಬರ ಇಲ್ಲ. ರೇಡಿಯಲ್ ಟೈರಲ್ಲಿ ಸ್ಟೀಲ್ ಪಟ್ಟಿ ಇರೋದು ನೆಲಕ್ಕೆ ತಾಗೋ ಭಾಗದ ಕೆಳಗೆ, ಪಕ್ಕದ ಗೋಡೇಲಿ ದಾರದ ಪದರ ಅಷ್ಟೇ, ಅಲ್ಲಿ ಸೀಳಿದ್ರೆ ಪಂಚರ್ ಹಾಕೋಕೂ ಆಗಲ್ಲ.

"ಒಂದು ಸೈಜ್ ದೊಡ್ಡದು ಹಾಕ್ಲಾ, 235?" ಅಂದ. ಬೇಡ ಅಂದೆ. ಚಕ್ರ ನೂರಕ್ಕೆ 4 ಪಾಲು ದೊಡ್ಡದಾಗತ್ತೆ, ಮೀಟರ್ 60 ತೋರಿಸುವಾಗ ನಿಜವಾಗ್ಲೂ ಎರಡು ಎರಡೂವರೆ ಜಾಸ್ತಿ ಓಡ್ತಿರತ್ತೆ, ಕೆಸರಲ್ಲಿ ಎಳೆಯೋ ಶಕ್ತಿ ಅಷ್ಟೇ ಪಾಲು ಕಮ್ಮಿ. ತಯಾರಾದ ದಿನಾನೂ ನೋಡಿದೆ, ಗೋಡೆ ಮೇಲೆ ಅಂಡಾಕಾರದ ಗೆರೆ ಒಳಗೆ ನಾಲ್ಕು ಅಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಒಂದು ಟೈರು ನಾಲ್ಕು ವರ್ಷ ಹಳೇದು, ವಾಪಸ್ ಒಳಗೆ ಹೋಯ್ತು.

ದುಡ್ಡು ಎರಡಕ್ಕೇ ಇತ್ತು. ನಮ್ಮ ಕಡೆ ಹೊಸಾದು ಮುಂದೆ ಹಾಕ್ತಾರೆ, ಒಡೆದ್ರೆ ಸ್ಟೀರಿಂಗ್ ಎಳೆಯತ್ತೆ ಅನ್ನೋ ಭಯಕ್ಕೆ. ನಾನು ಹಿಂದೆ ಹಾಕ್ಸಿದೆ. ಒದ್ದೆ ರೋಡಲ್ಲಿ ಮುಂದಿಂದು ಜಾರಿದ್ರೆ ಗಾಡಿ ನೇರ ಹೋಗತ್ತೆ, ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಸುಧಾರಿಸ್ಕೊಳತ್ತೆ, ಹಿಂದಿಂದು ಜಾರಿದ್ರೆ ಬುಗುರಿ. ಮೇಲಾಗಿ ನಮ್ದು ಹಿಂದಿನ ಚಕ್ರ ಎಳೆಯೋ ಗಾಡಿ. ಮುಂದಿನ ಎರಡು ಮುಂದಿನ ತಿಂಗಳು ಅಂತ ಅಪ್ಪನಿಂದ ಮಾತು ತಗೊಂಡಿದ್ದೀನಿ, ಅಲ್ಲಿವರೆಗೆ ಮಳೇಲಿ 50 ದಾಟಲ್ಲ.

ಕೊನೆಗೆ ಗಾಡಿ ಕೆಳಗಿದ್ದ ಸ್ಟೆಪ್ನಿ ಚೆಕ್ ಮಾಡಿಸಿದ್ರೆ 8 ಪಿಎಸ್‌ಐ. ಸ್ಟೆಪ್ನಿ ಅನ್ನೋದು ವೇಲ್ಸ್ ದೇಶದ ಲನೆಥ್ಲಿ ಊರಿನ ಒಂದು ಬೀದಿ ಹೆಸರು, 1904ರಲ್ಲಿ ಅಲ್ಲಿ ಒಂದು ಕಂಪನಿ ಹೆಚ್ಚುವರಿ ಚಕ್ರ ಮಾಡೋಕೆ ಶುರು ಮಾಡ್ತು, ಆ ಬೀದಿ ಹೆಸರು ಕೋಲಾರದ ಪಂಚರ್ ಅಂಗಡೀವರೆಗೂ ಬಂದಿದೆ, ಗಾಳಿ ಮಾತ್ರ ಬಂದಿರ್ಲಿಲ್ಲ.

ಬ್ಯಾಟರಿಗೆ ಸಿಗಿಸೋ ಒಂದು ಸಣ್ಣ ಕಂಪ್ರೆಸರ್ ತಗೊಂಡೆ. ಈಗ ಖಾಲಿ ಗಾಡೀಲಿ ತೋಟಕ್ಕೆ ಹೋಗ್ತಾ ಕೆರೆ ಹತ್ರ ನಿಲ್ಸಿ 20ಕ್ಕೆ ಇಳಿಸ್ತೀನಿ, ಬಾಕ್ಸ್ ಹೇರೋಕೆ ಮುಂಚೆ ಬಾಗಿಲ ಪಕ್ಕದ ಸ್ಟಿಕರಲ್ಲಿ ಬರೆದಿರೋಷ್ಟು ತುಂಬ್ತೀನಿ, ಒಂದು ಚಕ್ರಕ್ಕೆ ಆರೇಳು ನಿಮಿಷ ಹಿಡಿಯತ್ತೆ. ಲೋಡ್ ಇದ್ದಾಗ ಕೆರೆ ಮೇಲ್ಗಡೆಯಿಂದ ಒಂದೂವರೆ ಕಿಲೋಮೀಟರ್ ಸುತ್ಕೊಂಡು ಬರ್ತೀನಿ. ಅಂಗಡಿ ಹುಡುಗ ಸಿಕ್ಕಿದಾಗೆಲ್ಲ "ಎಂಟಿನೇ ಹಾಕ್ಬೇಕಿತ್ತು ಅಣ್ಣಾ" ಅಂತಾನೆ. ನವೆಂಬರಲ್ಲಿ ಕೆರೆ ಕೋಡಿ ಬಿದ್ರೆ ನೋಡೋಣ.