ಹಾರಿತೋ, ಹಾರಲಿಲ್ಲವೋ: ಮೊಝೈಸ್ಕಿ ವಿಮಾನದ ವಾದ ಬೆಳೆದ ಬಗೆ

ಮೊದಲ ವಿಮಾನ ಅಂದರೆ ನಮಗೆ ರೈಟ್ ಸಹೋದರರು, 1903. ಸೋವಿಯತ್ ಕಾಲದ ಪಠ್ಯ ಓದಿ ಬೆಳೆದವರಲ್ಲಿ ಎಷ್ಟೋ ಜನ ಬೇರೆಯೇ ಹೆಸರು ಹೇಳುತ್ತಾರೆ: ಅಲೆಕ್ಸಾಂಡರ್ ಮೊಝೈಸ್ಕಿ, ರಷ್ಯಾದ ನೌಕಾಪಡೆ ಅಧಿಕಾರಿ. ಎರಡು ಕಡೆಯವರೂ ಪಟ್ಟು ಬಿಟ್ಟಿಲ್ಲ.

ಮೊಝೈಸ್ಕಿ ಹುಟ್ಟಿದ್ದು 1825ರಲ್ಲಿ. ಅರ್ಧ ಆಯುಷ್ಯ ಹಡಗಿನಲ್ಲೇ ಕಳೆಯಿತು. ಜಪಾನಿನಲ್ಲಿ ಸುನಾಮಿಗೆ ಸಿಕ್ಕಿ ನಾಶವಾದ ಡಯಾನಾ ಹಡಗಿನಲ್ಲೂ ಅವರಿದ್ದರು.

ನಿಜವಾದ ಕಥೆ ಶುರುವಾಗುವುದು 1876ರಲ್ಲಿ. ಕುದುರೆಗಳು ಎಳೆಯುವ ಗಾಡಿಗೆ ಭಾರೀ ಗಾಳಿಪಟ ಕಟ್ಟಿಸಿ, ಅದರಲ್ಲಿ ತಾವೇ ಮೇಲೇರಿದರು. ಆಮೇಲೆ ಗಡಿಯಾರದ ಸ್ಪ್ರಿಂಗಿನಿಂದ ಓಡುವ ಪುಟ್ಟ ಮಾದರಿಗಳು. ಒಂದು ಮಾದರಿ ಚಕ್ರದ ಮೇಲೆ ಓಡಿ, ನೌಕಾ ಅಧಿಕಾರಿಯ ಸೊಂಟದ ಕಿರುಗತ್ತಿಯ ಭಾರ ಹೊತ್ತು ಹಾರಿತು ಎಂದು ಆ ಕಾಲದವರು ಬರೆದಿದ್ದಾರೆ. 1877ರಲ್ಲಿ ಮೆಂಡಲೀವ್ ಇದ್ದ ಸಮಿತಿ 3,000 ರೂಬಲ್ ಕೊಡಿಸಿತು. ಹೌದು, ಮೂಲಧಾತುಗಳ ಆವರ್ತ ಕೋಷ್ಟಕದ ಮೆಂಡಲೀವ್ ಅವರೇ. ದೊಡ್ಡ ವಿಮಾನಕ್ಕೆ ಜಾಸ್ತಿ ಹಣ ಕೇಳಿದಾಗ ಮಾತ್ರ ಮುಂದಿನ ಸಮಿತಿ ಒಪ್ಪಲಿಲ್ಲ. ಅಲ್ಲೇ ಒಳ್ಳೆಯ ಕೆಲಸಕ್ಕೆ ಹಿನ್ನಡೆಯಾಯಿತು ಅನಿಸುತ್ತದೆ.

ಆದರೂ ಅವರು ಕೈಬಿಡಲಿಲ್ಲ. 1881ರಲ್ಲಿ ಪೇಟೆಂಟ್ ಸಿಕ್ಕಿತು. ಲಂಡನ್ನಿನಿಂದ 20 ಮತ್ತು 10 ಅಶ್ವಶಕ್ತಿಯ ಎರಡು ಉಗಿ ಎಂಜಿನ್ ಬಂದವು. ಮೂರು ಪ್ರೊಪೆಲ್ಲರ್, ದೋಣಿಯಂಥ ಒಡಲು, ಚಕ್ರ, ಬಾಲದಲ್ಲಿ ಚುಕ್ಕಾಣಿ. ಪೀಟರ್ಸ್‌ಬರ್ಗ್ ಹತ್ತಿರದ ಕ್ರಾಸ್ನೋಯೆ ಸೆಲೋ ಮೈದಾನದಲ್ಲಿ ಪರೀಕ್ಷೆ ನಡೆಯಿತು. ವಿಮಾನ ಓಡಿತು, ವಾಲಿತು, ರೆಕ್ಕೆ ಮುರಿಯಿತು. ಇಷ್ಟಕ್ಕೆ ಹೆಚ್ಚಿನವರು ಒಪ್ಪುತ್ತಾರೆ. ನಡುವೆ ಒಂದು ಕ್ಷಣ ನೆಲ ಬಿಟ್ಟಿತೇ? ನಡೆದದ್ದು 1882ರಲ್ಲೋ, 1884ರಲ್ಲೋ? ಜಗಳ ಇರುವುದು ಇಲ್ಲೇ. 1890ರಲ್ಲಿ ಮೊಝೈಸ್ಕಿ ತೀರಿಕೊಂಡರು. ವಿಮಾನವೂ ಉಳಿಯಲಿಲ್ಲ.

ದಶಕಗಳ ಕಾಲ ಹೆಚ್ಚು ಯಾರೂ ಕೇಳಲಿಲ್ಲ. 1940ರ ದಶಕದ ಕೊನೆಗೆ, ಎಲ್ಲದರಲ್ಲೂ ನಾವೇ ಮೊದಲು ಎನ್ನುವ ಸೋವಿಯತ್ ಪ್ರಚಾರದ ಹೊತ್ತಿನಲ್ಲಿ, 'ಬಹುಶಃ ನೆಲ ಬಿಟ್ಟಿರಬಹುದು' ಎನ್ನುವುದು 'ಹಾರಿತು' ಎಂದಾಯಿತು. ಅದಕ್ಕೆ ಉತ್ತರವಾಗಿ ಇನ್ನೊಂದು ಕಡೆ ಅವರ ಕೆಲಸವನ್ನೇ ಸುಮ್ನೆ ತಳ್ಳಿಹಾಕಿದರು. ಎರಡೂ ಅನ್ಯಾಯ ಅಲ್ವಾ?

ಕೊನೆಗೆ 1980ರ ಆಸುಪಾಸಿನಲ್ಲಿ ಮಾಸ್ಕೋದ ವಾಯುಬಲ ವಿಜ್ಞಾನ ಸಂಸ್ಥೆಯೇ ಒಂದು ಮಾದರಿಯನ್ನು ಗಾಳಿ ಸುರಂಗದಲ್ಲಿಟ್ಟು, ಅಂದರೆ ಜೋರಾಗಿ ಗಾಳಿ ಹಾಯಿಸುವ ಕೊಳವೆಯಲ್ಲಿಟ್ಟು, ನೋಡಿತು. ಆ ಎಂಜಿನ್‌ಗಳ ಬಲ ಸಮತಟ್ಟಾಗಿ ಹಾರುತ್ತಾ ಹೋಗಲು ಸಾಲುತ್ತಿರಲಿಲ್ಲ ಎಂಬ ಲೆಕ್ಕ ಬಂತು. ರೆಕ್ಕೆಗಳು ತುಂಬಾ ಅಗಲ, ಪೂರ್ತಿ ಚಪ್ಪಟೆ. ಮೇಲೆ ಉಬ್ಬಿದ ಬಾಗು ರೆಕ್ಕೆಯಷ್ಟು ಚೆನ್ನಾಗಿ ಅವು ಭಾರ ಎತ್ತುವುದಿಲ್ಲ.